ಬೀಗದ ಕೈ

ಒಗೆಯುವುದು, ಮಡಚಿಡುವುದು ನನ್ನ ಕೆಲಸ.
ಸ್ಟೇಡಿಯಮ್ಮಿನ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷ
ಇದೇ ನಾಲ್ಕು ಯಂತ್ರಗಳ ಹೊಟ್ಟೆ ತೊಳಸುವ ಸದ್ದು.
ಹುಲ್ಲಿನ ಕಲೆಗೆ ಒಂದು ಪುಡಿ, ನೆತ್ತರಿಗೆ ತಣ್ಣೀರು,
ಬೆವರಿಗೆ ಏನೂ ಬೇಡ, ತಾನೇ ಹೋಗುತ್ತದೆ,
ಹೋಗುವ ಮುನ್ನ ಬೆನ್ನ ಮೇಲೆ ಬಿಳಿಯ ಗೆರೆ ಎಳೆದು:
ಉಪ್ಪಿನ ನಕಾಶೆ.

ಎಪ್ಪತ್ತನಾಲ್ಕನೆಯ ನಂಬರಿನ ಹುಡುಗ ಮಾತ್ರ
ಬಟ್ಟೆಯನ್ನು ಬುಟ್ಟಿಗೆ ಎಸೆಯುತ್ತಿರಲಿಲ್ಲ.
ಕಾಲುಚೀಲದ ಒಳಮೈ ಹೊರಮೈ ಸರಿಮಾಡಿ
"ಮಿಸ್ ವರ್ಲೀನ್" ಎಂದು ಕೈಗೇ ಕೊಡುತ್ತಿದ್ದ.
ಟ್ರಾವಿಯನ್ ಪ್ರುಯಿಟ್. ನದಿಯ ದಂಡೆಯ ಊರಿನವನು. ಹತ್ತೊಂಬತ್ತು.
ಮೈ ಮುನ್ನೂರು ಪೌಂಡು, ಮಾತು ಮೂರು ಔನ್ಸು.

ಆಗಸ್ಟಿನ ಆ ಮಧ್ಯಾಹ್ನ ಕೋಚ್ ರಿಗ್ಸ್‌ಬಿಯ ಫೋನು.
ಮೀಟಿಂಗಿಗೆ ನಾಲ್ವರು ತಡವಾಗಿ ಬಂದಿದ್ದರಂತೆ,
ಅದಕ್ಕೆ ಎಲ್ಲರೂ ಓಡಬೇಕಂತೆ.
"ವರ್ಲೀನ್, ನೀರಿನ ಡ್ರಮ್ಮು ಒಳಗೇ ಇರಲಿ.
ನಾನು ಹೇಳುವ ತನಕ ಬಾಗಿಲು ತೆಗೆಯಬೇಡ."
"ಯೆಸ್, ಕೋಚ್" ಎಂದೆ.
ಈ ಊರಲ್ಲಿ ಮಕ್ಕಳು ಅಮ್ಮ ಎನ್ನುವ ಮೊದಲೇ
ಕಲಿತುಬಿಡುವ ಎರಡು ಪದ.

ಕಿತ್ತಳೆ ಬಣ್ಣದ ಆರು ಡ್ರಮ್ಮು ಗೋಡೆಗೆ ಸಾಲಾಗಿ,
ಆಟಕ್ಕೆ ಬಿಡದೆ ಕೂರಿಸಿದ ಮಕ್ಕಳ ಹಾಗೆ.
ಒಳಗೆ ಮಂಜುಗಡ್ಡೆ ಜಾರಿ ಜಾರಿ ಕಟಕ್ಕೆನ್ನುತ್ತಿತ್ತು.
ಹೊರಗೆ ಸೀಟಿ. ನೂರಾ ಮೂರು ಡಿಗ್ರಿ. ಮತ್ತೆ ಸೀಟಿ.
ಟವೆಲು ಮಡಚುತ್ತಾ ಹದಿನೆಂಟರವರೆಗೆ ಎಣಿಸಿದೆ,
ಆಮೇಲೆ ಲೆಕ್ಕ ತಪ್ಪಿತು.
ಒಮ್ಮೆಗೇ ಸೀಟಿ ನಿಂತಿತು.
ಸದ್ಯ, ನಿಂತಿತಲ್ಲ, ಎಂದುಕೊಂಡೆ.

ಆಂಬುಲೆನ್ಸಿನವರು ಕತ್ತರಿಸಿ ತೆಗೆದ ಅಂಗಿ
ಸಂಜೆ ಮಾಮೂಲಿ ಬುಟ್ಟಿಯಲ್ಲೇ ಕೆಳಗಿಳಿದು ಬಂತು.
ಒಗೆ ಎಂದು ಯಾರೂ ಹೇಳಲಿಲ್ಲ. ಇದನ್ನು ಬರೆದುಕೊಳ್ಳಿ,
ಯಾರೂ ಹೇಳಲಿಲ್ಲ. ಕೈಯ ರೂಢಿ.
ಒಗೆದೆ, ಒಣಗಿಸಿದೆ, ಎದೆಯ ಸೀಳನ್ನು ಹೊಲಿದೆ ಕೂಡ,
ನಾಳೆ ಬಂದು ತೊಡುತ್ತಾನೆ ಎನ್ನುವ ಹಾಗೆ.

ವಿಚಾರಣೆಗೆ ಲಿಟ್ಲ್ ರಾಕ್‌ನಿಂದ ಮೂವರು ಬಂದರು.
ಅವನ ಎದೆಯಲ್ಲಿ ಮೊದಲೇ ದೋಷವಿತ್ತೇ,
ಬೆಳಿಗ್ಗೆ ಏನು ತಿಂದಿದ್ದ, ರಾತ್ರಿ ಯಾರ ಜೊತೆ ಇದ್ದ.
ನನ್ನ ಸೋಪಿನ ಪುಡಿ ಯಾವ ಕಂಪನಿಯದೆಂದೂ ಕೇಳಿದರು.
ಬೀಗದ ಕೈ ಯಾರ ಹತ್ತಿರವಿತ್ತು ಎಂದು ಕೇಳಲಿಲ್ಲ.
ಉತ್ತರವನ್ನು ನಾಲಿಗೆಯಡಿ ಮಾತ್ರೆಯ ಹಾಗೆ ಇಟ್ಟುಕೊಂಡು ಕೂತಿದ್ದೆ.
ಕರಗಿತು. ನುಂಗಿದೆ.

ಪಿಂಚಣಿಗೆ ಹದಿನಾಲ್ಕು ತಿಂಗಳು ಬಾಕಿ ಇತ್ತು.
ಬಿರುಗಾಳಿಗೆ ಹಾರಿದ ನನ್ನ ಮನೆಯ ಮಾಡನ್ನು
ತಂಡದ ದಾನಿಗಳೇ ಹೊಸದಾಗಿ ಹೊದಿಸಿದ್ದರು.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ತಿಂದವರು ನಾವು.
ನೀರು ಬೇಡಿದವನು ಅವನು.

ವರದಿ ನೂರಾ ಹನ್ನೆರಡು ಪುಟ. "ಸಂವಹನದ ಕೊರತೆ."
ಒಪ್ಪಂದ ನಡುವೆ ಮುರಿದದ್ದಕ್ಕೆ ರಿಗ್ಸ್‌ಬಿಗೆ ಅರವತ್ತು ಲಕ್ಷ ಡಾಲರು.
ಈಗ ಬೇರೆ ರಾಜ್ಯ, ಬೇರೆ ಬಣ್ಣದ ಟೋಪಿ,
ಕೊರಳಲ್ಲಿ ಅದೇ ಸೀಟಿ.

ಅಕ್ಟೋಬರಿನ ಒಂದು ಮಂಗಳವಾರ ತಾಯಿ ಬಂದಳು.
ಬಸ್ಸಿನಲ್ಲಿ ಬಂದವಳು, ಕೈಯಲ್ಲಿ ಖಾಲಿ ಸೂಟ್‌ಕೇಸು.
ಶೂ, ಹೆಡ್‌ಫೋನು, ಅರ್ಧ ಬರೆದ ಲೆಕ್ಕದ ಪುಸ್ತಕ,
ಮಡಚಿದ ಅಂಗಿ. ಒಂದೊಂದಾಗಿ ಕೊಟ್ಟೆ.
ಅಂಗಿಯನ್ನು ಮಾತ್ರ ಬಿಡಿಸಿದಳು,
ಮುಖಕ್ಕೆ ಒತ್ತಿಕೊಂಡಳು, ಉಸಿರೆಳೆದಳು,
ಕಂಕುಳಲ್ಲಿ, ಕಾಲರಿನಲ್ಲಿ, ಮತ್ತೆ ಬೆನ್ನಲ್ಲಿ, ಹುಡುಕುವವಳ ಹಾಗೆ.
ಬಹಳ ಹೊತ್ತು.
"ಚೆನ್ನಾಗಿ ಒಗೆದಿದ್ದೀರಿ" ಎಂದಳು.
ಬೈದಂತೆ ಅಲ್ಲ. ಹೊಗಳಿದಂತೆಯೂ ಅಲ್ಲ.

ಹೊಸ ಕೋಚು ಒಳ್ಳೆಯವನು ಎನ್ನುತ್ತಾರೆ. ಇರಬಹುದು.
ಆಟ ಮಧ್ಯಾಹ್ನ ಎರಡಕ್ಕೆ; ನಾನು ನಸುಕಿನ ನಾಲ್ಕಕ್ಕೇ
ಡ್ರಮ್ಮುಗಳನ್ನು ಮೈದಾನದ ಅಂಚಿಗೆ ಎಳೆದಿಡುತ್ತೇನೆ.
ಜನ ತುಂಬುವಷ್ಟರಲ್ಲಿ ಮಂಜೆಲ್ಲ ಕರಗಿ ನೀರು ಬೆಚ್ಚಗಾಗಿರುತ್ತದೆ,
ಹುಡುಗರು ಗೊಣಗುತ್ತಾರೆ. ಗೊಣಗಲಿ.

ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇದೆ.
ಹಿತ್ತಾಳೆಯದು, ತಲೆಗೆ ಕೆಂಪು ಟೇಪು ಸುತ್ತಿದ್ದು.
ವಾಪಸು ಕೊಡು ಎಂದು
ಯಾರೂ ಕೇಳಿಲ್ಲ.