ಶಿಡ್ಲಘಟ್ಟದಲ್ಲಿ ಕೊನೆಯ ಕಂತು

ಬೆಳಿಗ್ಗೆ ಆರಕ್ಕೆ ಬಾಯ್ಲರ್ ಹೊತ್ತಿಕೊಳ್ಳುವ ಮೊದಲೇ
ಹೊತ್ತಿಕೊಂಡಿತ್ತು ಜಗಳ:
ಕೊಂದವರು ಯಾರು?

ಶಿಷ್ಯೆಯೇ, ಅಂತಾಳೆ ಮುನಿಲಕ್ಷ್ಮಮ್ಮ,
ಬಿಸಿನೀರಿಗೆ ಗೂಡು ಸುರಿಯುತ್ತ.
ಮುಖ ನೋಡಿದರೇ ಗೊತ್ತಾಗಲ್ವಾ,
ಒಂದು ಸಲವಾದರೂ ಅತ್ತಳಾ ಅವಳು?
ಮೃದಂಗದವನು, ಅಂತಾನೆ ಚಾಂದ್ ಪಾಷಾ,
ಎರಡೂ ಕೈಯಲ್ಲಿ ಅಷ್ಟು ಬಲ ಇನ್ಯಾರಿಗಿದೆ?
ಸಾದಿಕ್ ಸಾಹೇಬರು ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ:
ಯಾರೂ ಅಲ್ಲ. ಎರಡನೇ ಭಾಗ ತೆಗೀತಾರೆ, ದುಡ್ಡು ಬೇಕಲ್ಲ.

ಎಂಟು ಕಂತು. ನಾವೂ ಎಂಟು ಗೂಡಿನ ಎಳೆ ಸೇರಿಸಿಯೇ
ಒಂದು ನೂಲು ಮಾಡುವುದು.
ಒಂದೆಳೆ ತುಂಡಾದರೆ ಕಣ್ಣಿಗೆ ಕಾಣದು,
ಬೆರಳಿಗೆ ತಿಳಿಯುತ್ತದೆ.

ಕೊನೆಯ ದೃಶ್ಯ ಇಷ್ಟೇ:
ರಾತ್ರಿ. ಸತ್ತ ಗುರುವಿನ ಕೋಣೆ.
ಶಿಷ್ಯೆ ತಂಬೂರಿಯನ್ನು ಹೆಗಲಿಗೆ ಆನಿಸಿ ಕೂತಿದ್ದಾಳೆ.
ಬಾಗಿಲಲ್ಲಿ ಇನ್‌ಸ್ಪೆಕ್ಟರು, ಬೂಟು ಹೊರಗೆ ಬಿಚ್ಚಿಟ್ಟು.
ಮೊದಲ ತಂತಿ, ಎರಡನೆಯದು, ಮೂರನೆಯದು,
ಬೆರಳು ನಾಲ್ಕನೆಯದರ ಹತ್ತಿರ ಹೋಗಿ
ಅಷ್ಟಕ್ಕೇ ಪರದೆ ಕತ್ತಲು.
ಹೆಸರುಗಳು ಮೇಲೇರತೊಡಗಿದವು.

ಬುತ್ತಿ ಬಿಚ್ಚಿದಾಗ ಚಾಂದ್ ಮೊಬೈಲಿನಲ್ಲಿ ಮತ್ತೆ ಹಾಕಿದ.
ಯಂತ್ರ ನಿಂತಿರಲಿಲ್ಲ. ಸಂಗೀತದ ಕಥೆ,
ಒಂದು ಸ್ವರವೂ ಕೇಳಲಿಲ್ಲ ಯಾರಿಗೂ.
ಕೇಳದ್ದಕ್ಕೇ ಇರಬೇಕು, ಕಂಡಿತು ನನಗೆ:
ಕುದುರೆಯ ಮೇಲೆ ಮೂರು ತಂತಿಗೆ ಮೂರು ಹಳದಿ ನೂಲು.
ನಾಲ್ಕನೆಯದಕ್ಕೆ ಇಲ್ಲ.

ನನಗೆ ಹೇಗೆ ಗೊತ್ತು ಅಂದರೆ, ಅಂಬುಜಾಕ್ಷಿ ಟೀಚರು.
ತಿಂಗಳಿಗೊಮ್ಮೆ ಬರುತ್ತಿದ್ದರು, ಸೆರಗು ಮೂಗಿಗೆ ಹಿಡಿದು,
‘ಒಂದು ಗೇಣು ನೂಲು ಕೊಡೇ ಗಂಗರತ್ನಾ, ತಂಬೂರಿಗೆ.’
ಒಂದು ಸಲ ಮನೆಗೆ ಕರೆದು ತೋರಿಸಿದರು.
ಬರೀ ತಂತಿ ಮೀಟಿದರೆ ತಗಡು ತಟ್ಟಿದ ಹಾಗೆ.
ಕೆಳಗೆ ನೂಲು ತೂರಿಸಿ, ಕೂದಲೆಳೆಯಷ್ಟು ಸರಿಸಿ ಮೀಟಿದರೆ
ಗೋಡೆ, ಗೂಡಿನ ಬುಟ್ಟಿ, ನನ್ನ ಹಲ್ಲು, ಎಲ್ಲ ಗುಂಯ್ ಅಂದವು.
‘ಇದಕ್ಕೆ ಜೀವಾಳ ಅಂತಾರೆ ಕಣೇ.’
ನಕ್ಕುಬಿಟ್ಟೆ. ಹುಳ ಬೇಯಿಸಿ ತೆಗೆದ ನೂಲು ಟೀಚರ್ ಇದು, ಅಂದೆ.
ಅವರು ನಗಲಿಲ್ಲ.

ಈಗ ನನ್ನ ಲೆಕ್ಕ ಹೀಗೆ.
ಮೂರನೇ ಕಂತಿನಲ್ಲಿ ಹೆಣದ ಉಗುರಿನಿಂದ
ಡಾಕ್ಟರು ಚಿಮಟದಲ್ಲಿ ಎಳೆದದ್ದು ದೇವರ ದಾರ ಅಲ್ಲ.
ಗುರುವೇ ಕಿತ್ತಿದ್ದ, ಕೈಯಾರೆ,
ತನಗಿಂತ ಮೊದಲು ಅದು ಸುಮ್ಮನಾಗಲಿ ಎಂದು.
ಶಿಷ್ಯೆಗೆ ಗೊತ್ತು.
ನಾಲ್ಕನೆಯದನ್ನು ಮೀಟಿದರೆ ತಗಡಿನ ಸದ್ದು;
ಇನ್‌ಸ್ಪೆಕ್ಟರು ಕಿವಿಯಿರುವ ಮನುಷ್ಯ,
ಐದನೇ ಕಂತಿನಲ್ಲಿ ಒಬ್ಬನೇ ಕೂತು ಕೊಳಲು ಊದುತ್ತಾನೆ,
ತಿಳಿದುಬಿಡುತ್ತಾನೆ.
ಅದಕ್ಕೇ ಬೆರಳು ತಡೆದಳು.
ಕೊಂದವಳು ಅನ್ನಿಸಿಕೊಳ್ಳುವುದೇ ವಾಸಿ,
ಗುರು ಹಾಗೆ ಹೋದ ಅನ್ನಿಸುವುದಕ್ಕಿಂತ.

ಇಲ್ಲವೇ, ಸಾಮಾನು ಜೋಡಿಸುವ ಹುಡುಗ
ನೂಲು ತೂರಿಸಲು ಮರೆತಿರಬಹುದು.
ಅಷ್ಟೇ ಇರಬಹುದು.

ನೀನೇನಂತೀಯೇ, ಅಂದಳು ಮುನಿಲಕ್ಷ್ಮಮ್ಮ.
ತುದಿ ಸಿಕ್ಕಿಲ್ಲ, ಅಂದೆ. ನಮ್ಮ ಕೆಲಸದಲ್ಲಿ ಅದು ಸುಳ್ಳಲ್ಲ;
ಕೆಲವು ಗೂಡು ಎಷ್ಟು ಕುದಿಸಿ ಉಜ್ಜಿದರೂ ಬಿಡುವುದಿಲ್ಲ,
ಜಾಲರಿಯಲ್ಲಿ ಎತ್ತಿ ಬೇರೆ ಬುಟ್ಟಿಗೆ ಹಾಕುತ್ತೇವೆ.

ಟೀಚರು ಕೊನೆಯ ಸಲ ಬಂದದ್ದು ಕಾರ್ತೀಕದಲ್ಲಿ.
ಅವತ್ತು ಸೆರಗು ಮೂಗಿಗೆ ಹಿಡಿದಿರಲಿಲ್ಲ.
ಕಾಗದದ ಪೊಟ್ಟಣ ನನ್ನ ಕೈಗಿಟ್ಟರು:
ನಾಲ್ಕೂ ಎಳೆ, ಬಳಸಿದವು, ತಂತಿಯ ಕರೆ ಹತ್ತಿದವು.
‘ಸಾಕು ಕಣೇ ಇನ್ನು.’

ಮೂರನೇ ದಿನ ಬಾಗಿಲು ಒಡೆದರು.
ಹಾರ್ಟು, ಅಂದರು ಡಾಕ್ಟರು. ಚಿಂತಾಮಣಿಯಿಂದ ಮಗಳು ಬಂದಳು.
ಪೊಲೀಸಿನವನೊಬ್ಬ ಇಲ್ಲಿಗೂ ಬಂದ,
ಬೂಟು ಬಿಚ್ಚಲಿಲ್ಲ, ಒದ್ದೆ ನೆಲದ ಮೇಲೇ ನಿಂತ:
ಆ ಯಮ್ಮ ಇಲ್ಲಿಗೆ ಬರುತ್ತಿತ್ತಂತಲ್ಲ,
ಏನಾದರೂ ಹೇಳಿತ್ತಾ?

ಕೈ ಬಿಸಿನೀರಿನಲ್ಲಿತ್ತು.
ಇಲ್ಲ, ಅಂದೆ.