ಒಲಿ ಹಚ್ಚದ ರಾತ್ರಿ

ಮುಂಡರಗಿಯ ಕಡೀ ಟ್ರಿಪ್ಪು ಮುಗಿಸಿ,
ಡಿಪೋದಾಗ ಲೆಕ್ಕಾ ಒಪ್ಪಿಸಿ,
ಕಮ್ಮಿ ಬಂದ ಏಳು ರೂಪಾಯಿ ಕೈಯಿಂದ ತುಂಬಿ,
ಬೆಟಗೇರಿ ಖೋಲಿಯ ಕೀಲಿ ತಗದಾಗ
ಹತ್ತೂಕಾಲು.

ಕಾಲು ಇನ್ನೂ ಬಸ್ಸಿನಾಗಽ ಅದಾವು.
ನೆಲಾ ನಿಂತರೂ ಅವು ನಿಂತಿಲ್ಲ,
ಪಾಪನಾಶಿ ಹಂತೇಕ ಬ್ರೇಕು ಬಿದ್ದಾಂಗ
ಒಮ್ಮೆ ಮುಂದ, ಒಮ್ಮೆ ಹಿಂದ.

ಮೂಲ್ಯಾಗ ಒಲಿ.
ಗ್ಯಾಸು ಐತಿ, ಬ್ಯಾಳಿ ಐತಿ,
ಬುಟ್ಟ್ಯಾಗ ನಾಕು ಬದನೀಕಾಯಿ
ಮೊನ್ನಿಂದ ನನ್ನ ಮಾರೀ ನೋಡಿ ನೋಡಿ
ತಾವಽ ಸುಕ್ಕಗಟ್ಟ್ಯಾವು.
ಎಲ್ಲಾ ಐತಿ.
ಕಡ್ಡಿ ಗೀರೂವಷ್ಟು ನಾನಿಲ್ಲ.

ಅವ್ವ ಅಂತಿದ್ದಳು,
ಒಲಿ ಹಚ್ಚದ ಮನ್ಯಾಗ ಯಾರೋ ಸತ್ತಿರಬೇಕು,
ಇಲ್ಲಾ ಸೊಸಿ ತವರಿಗೆ ಹೋಗಿರಬೇಕು.
ಜ್ವರದಾಗೂ ಅಕಿ ಒಂದು ಹಿಡಿ ನುಚ್ಚು ಕುದಿಸಿ
ಹೊಗಿ ಓಣಿ ಮಂದಿಗೆ ಕಾಣಲಿ ಅಂತ
ಕಿಡಕಿ ತೆರೀತಿದ್ದಳು.
ಸಿಲಿಂಡರಿಗೆ ಹೊಗಿಲ್ಲಬೇ ಯವ್ವಾ.
ಹಚ್ಚಿದರೂ ಅಷ್ಟಽ, ಬಿಟ್ಟರೂ ಅಷ್ಟಽ.

ಹಲಗಿ ಮ್ಯಾಲಿಂದ ಡಬ್ಬಿ ಇಳಿಸತೀನಿ.
ಹಳೇ ಧೋತರದ ಅರಬ್ಯಾಗ ಖಡಕ್ ರೊಟ್ಟಿ.
ಚಂದಪ್ಪನಂಗ ಅದಾವಂತ ಬರೀಬಹುದು,
ಖರೇ ಹೇಳಬೇಕಂದ್ರ ಒಂದೂ ದುಂಡಗಿಲ್ಲ.
ಡಬ್ಬಿ ಮುಚ್ಚಳಾನಽ ತಾಟು,
ತೊಳಿಯೂದು ಒಂದು ಉಳೀತು.
ಶೇಂಗಾ ಹಿಂಡಿ ಗುಂಪಿ ಮಾಡಿ, ನಡುವ ಕುಣಿ ತೋಡಿ
ಹಸೀ ಎಣ್ಣಿ.
ಉಳ್ಳಾಗಡ್ಡಿಗೆ ಈಳಿಗಿ ಯಾಕ, ಒಂದು ಗುದ್ದು.
(ಇವತ್ತ ಮುಂಜಾನಿಂದ ಯಾರಿಗೋ ಹೊಡೀಬೇಕಾಗಿತ್ತು,
ಅದೂ ಆತು.)
ನಿನ್ನಿನ ಮಸರು ಹುಳಿ ಆಗೇತಿ. ಆಗಲಿ.

ಕಟಂ!

ರೊಟ್ಟಿ ಮುರದ ಸಪ್ಪಳ
ಈ ಖೋಲಿಗೆ ಭಾಳ ದೊಡ್ಡದು.
ತಗಡಿನ ಗ್ವಾಡಿ ಆಚೆ
ಇಮಾಂಬಿ ಕೆಮ್ಮೂದು ಗಕ್ಕನ ನಿಂತತು.
ಮೆಲ್ಲಕ ಮುರೀಬೇಕಂತೀನಿ,
ಮೆಲ್ಲಕ ಮುರಿಯೂದು ಖಡಕ್ ರೊಟ್ಟಿ ಅಲ್ಲ.
ಕಡೀಕ ಮಸರಿನ್ಯಾಗ ಅದ್ದಿ ಹಿಡದೆ
ಸಪ್ಪಳ ಮುಳುಗೂತನಕ.

ಇದು ಫಕೀರವ್ವನ ಕೈಯಾನ ರೊಟ್ಟಿ.
ಟಾಂಗಾಕೂಟದ ಹಿಂದ, ಎರಡು ಹಂಚಿನ ನಡುವ ಕುಂತು
ದಿನಕ್ಕ ಮುನ್ನೂರು ಬಡೀತಾಳ.
ಹೋದ ಅಮಾಸಿಗೆ ಅಕಿ ಬಡದ ಪಟಪಟ
ಒಣಗಿ, ಗರಿಗಟ್ಟಿ,
ಇಷ್ಟು ದಿನಾ ನನ್ನ ಡಬ್ಬ್ಯಾಗ ಸುಮ್ಮ ಕುಂತಿತ್ತು,
ಈಗ ಮುರದಾಗ ಒಮ್ಮೆಲೇ ಹೊರಗ ಬಂತು.
ನನ್ನ ತೋಳಾಗ ಇಲ್ಲದ ಕಸುವು
ಡಜನ್ನಿನ ಲೆಕ್ಕದಾಗ ತಂದಿಟ್ಟಿದ್ದೆ.
ಸುಮ್ಮ ಆಗೂ ಊಟ ಯಾವುದೂ ಇಲ್ಲ,
ಯಾರೋ ಮದಲಽ ದಣದಿರತಾರ.

ಒಮ್ಮೆ ಕೇಳಿದ್ದೆ ಅಕೀನ್ನ,
ನಿಮಗ ಸಾಕಾದ ದಿನ ಏನು ತಿಂತೀರಬೇ?
ಹಿಟ್ಟಿನ ಕೈಲೇ ಮೂಗು ಒರಸ್ಕೊಂಡು ನಕ್ಕಳು.
"ಬ್ರೆಡ್ಡು, ಚಹಾ.
ರೊಟ್ಟಿ ಕಂಡ್ರ ಮಣಿಕಟ್ಟು ಅಳತಾವ ತಂಗಿ."

ಮುಂಜಾನಿ ನಳದ ಹಂತೇಕ ಇಮಾಂಬಿ.
"ರಾತ್ರಿ ಗ್ಯಾಸು ತೀರಿತ್ತೇನವಾ?"
"ಇಲ್ರೀ, ನಾನಽ ತೀರಿದ್ದೆ."
ಅಕಿ ನಗತಾಳಂತ ಮಾಡಿದ್ದೆ, ನಗಲಿಲ್ಲ.
ನನ್ನ ಕೊಡಾ ತುಂಬಿ, ತನ್ನದು ಹಚ್ಚಿ,
ನೀರು ಕುತ್ತಿಗಿಗೆ ಬರೂತನಕ ಸುಮ್ಮ ನಿಂತು
ಅಂದಳು,
"ನಾ ಒಲಿ ಹಚ್ಚಿ ಮೂರು ದಿನಾ ಆತು.
ಚುರಮರಿ ನೀರಾಗ ಎದ್ದಿ, ಹಿಂಡಿ,
ಉಪ್ಪು ಖಾರಪುಡಿ ಹಾಕ್ಕೊಂತೀನಿ.
ನೆನದ ಚುರಮರಿ ನೋಡು,
ಸಪ್ಪಳಽ ಬರೂದಿಲ್ಲ."