ಪಾರ್ಟಿ ಹೆಸರು

ರಸೀದಿ ಪುಸ್ತಕದಲ್ಲಿ ಮೊದಲ ಕಲಮು ಅದೇ: ಪಾರ್ಟಿ ಹೆಸರು.
ಮದುವೆಗೆ ಗಂಡಿನ ತಂದೆಯದು,
ತಿಥಿಗೆ ತೀರಿಕೊಂಡವರದು,
ಎಲೆಕ್ಷನ್ನಿಗೆ ಹೆಸರು ಕೇಳುವುದಿಲ್ಲ, ದುಡ್ಡು ಮೊದಲು.
ಟೇಕಲ್ ರಸ್ತೆಯಲ್ಲಿ ಇಪ್ಪತ್ತಾರು ವರ್ಷ
ಮೈಕ್‌ಸೆಟ್ಟು ಬಾಡಿಗೆಗೆ ಕೊಟ್ಟಿದ್ದೇನೆ,
ಹೆಸರಿಲ್ಲದ ಪಾರ್ಟಿ ಅಂತ ಕಂಡಿದ್ದು ಇವರನ್ನೇ.

"ಇನ್ನೂ ಇಟ್ಟಿಲ್ಲಣ್ಣ" ಅಂದಳು ಎಸ್ತರ್,
ಚರ್ಚಿನ ಕೀಬೋರ್ಡನ್ನು ಹಸುಗೂಸಿನ ಹಾಗೆ
ದುಪ್ಪಟಿಯಲ್ಲಿ ಸುತ್ತಿಕೊಂಡು.
ಸಾದಿಕ್ ಅಂದ, "ಅಂತರಗಂಗೆ ಅಂತ ಬರ್ಕೊ."
"ಥೂ, ನೀರಿನ ಬಾಟ್ಲಿ ಹೆಸರು" ಅಂದ ಮುನಿಕೃಷ್ಣ.
ಕಲಮು ಖಾಲಿ ಬಿಟ್ಟು ಮುಂದಕ್ಕೆ ಬರೆದೆ:
ಸ್ಪೀಕರು ಎರಡು, ಆಂಪ್ಲಿಫೈಯರು ಒಂದು,
ವಯರು ಅರವತ್ತು ಅಡಿ.

ಮಂಡಿ ಹಿಂದಿನ ಗೋಡೌನು.
ಗೋಡೆಗೆ ಮೊಟ್ಟೆ ಟ್ರೇ, ಟ್ರೇ ಸಾಲದ ಕಡೆ
ಟೊಮೊಟೊ ಕ್ರೇಟು, ನೀಲಿ, ಹಳದಿ, ಕಿವಿ ಮುರಿದವು.
ನೆಲವೆಲ್ಲ ಹುಳಿವಾಸನೆ.

ಮುನಿಕೃಷ್ಣನಿಗೆ ಡ್ರಮ್ಸು ಕಲಿಸಿದವರಿಲ್ಲ.
ಅಪ್ಪ ತಮಟೆ ಕಾಯಿಸುವ ಬೆಂಕಿಗೆ
ಪೇಪರು ಹರಿದು ಹಾಕುತ್ತಾ ಬೆಳೆದವನು.
ಈ ಪ್ಲಾಸ್ಟಿಕ್ ಚರ್ಮದ ಮೇಲೂ ಮೊದಲು ಅಂಗೈ ಇಡುತ್ತಾನೆ,
ಕಾದಿದೆಯೋ ಇಲ್ಲವೋ ನೋಡುವವನಂತೆ.
ಅದು ಕಾಯುವುದಿಲ್ಲ. ಗೊತ್ತು ಅವನಿಗೆ.
ಆದರೂ.

ಎಸ್ತರ್ ಹಾಡಿದಳು. ಅರ್ಧ ಕನ್ನಡ, ಅರ್ಧ ತೆಲುಗು,
ನಡುವೆ ಸಾದಿಕನ ಅಜ್ಜಿಯ ಬೈಗುಳ.
ನಾವು ಬೀದಿನಲ್ಲಿಯಲ್ಲಿ ಜಗಳವಾಡುವ ಭಾಷೆ
ಹಾಡಿಗೂ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ.
ಮೂರನೇ ಹಾಡಿಗೆ ರೆಡ್ಡೆಪ್ಪ ಗಿಟಾರು ಬಿಟ್ಟು
ಹರಾಜು ಕೂಗಿದ:
ಮುನ್ನೂರ ಹತ್ತು, ಮುನ್ನೂರ ಹತ್ತು, ಮುನ್ನೂರಿಪ್ಪತ್ತು,
ಬೆಳಗ್ಗೆ ಮಂಡಿಯಲ್ಲಿ ಕೂಗುವುದೂ ಇದನ್ನೇ.
ಗಂಟಲು ಒಂದೇ, ಕೂಲಿ ಮಾತ್ರ ಬೆಳಗಿನದಕ್ಕೆ.

ಕೇಳಲು ಬಂದವರು ಹದಿನಾಲ್ಕು ಮಂದಿ,
ಅದರಲ್ಲಿ ಐವರು ಲೋಡಿಂಗಿನವರು, ಮಲಗಲು ಬಂದವರು.
ಒಬ್ಬ ಟವೆಲು ಕೊಡವಿ ಕೇಳಿದ:
"ಆರ್ಕೆಸ್ಟ್ರಾದೋರೇ, ಯಾವ ಪಿಚ್ಚರಿಂದು?"
"ಯಾವುದರದೂ ಅಲ್ಲ. ನಮ್ದೇ."
"ಎಲ್ಲಾದ್ರೂ ಬಂದೈತಾ?"
"ಇಲ್ಲ."
"ಹಂಗಾದ್ರೆ ಇಲ್ಲೇ ಮೊದ್ಲು" ಅಂದು
ಕ್ರೇಟು ಮಗುಚಿ ಕೂತ.

ನಾನು ಆಮೇಲೆ ಲೆಕ್ಕ ಹಾಕಿದೆ.
ಎಷ್ಟು ಸಾವಿರ ಸಲ ಈ ಊರಿನ ಮೈಕು ಹಿಡಿದಿದ್ದೇನೆ,
ಹೇಳಿದ್ದು ಒಂದೇ ಮಾತು: ಹಲೋ, ಹಲೋ, ಚೆಕ್.
ಹೇಳಿ ಕೆಳಗಿಳಿದಿದ್ದೇನೆ.
ಮುಂದಿನ ವಾರ ಬಾಗಿಲಲ್ಲಿ ಫ್ಯೂಸು ಕಟ್ಟುತ್ತಿದ್ದರೆ
ಒಳಗೆ ನನ್ನದೇ ದನಿ. ಸಾದಿಕ್ ಕದ್ದು ಫೋನಿನಲ್ಲಿ ಹಿಡಿದಿದ್ದ.
ಹಲೋ, ಹಲೋ, ಅದರ ಕೆಳಗೆ ಡ್ರಮ್ಮು
ಮೆತ್ತಗೆ ನಡೆದು ಬರುತ್ತಿದೆ.
ತಂತಿ ಹಾಗೇ ಹಿಡಿದು ನಿಂತೆ. ಏನೂ ಅನ್ನಲಿಲ್ಲ.

ರಾತ್ರಿ ಎರಡಕ್ಕೆ ಲಾರಿ ಬಂದವು, ಜಾಗ ಬಿಡಬೇಕಾಯಿತು.
ವಯರು ಸುತ್ತುವಾಗ ಬೆರಳಿಗೆ ಟೊಮೊಟೊ ಬೀಜ ಅಂಟಿತು.
ರಸೀದಿಯಲ್ಲಿ ಆ ಕಲಮು ಇನ್ನೂ ಖಾಲಿ,
ಹೆಸರು ಎಷ್ಟುದ್ದ ಇಡುತ್ತಾರೋ ಏನೋ,
ಎರಡು ಸಾಲು ಬಿಟ್ಟಿದ್ದೇನೆ.
ಮುನ್ನೂರೈವತ್ತು ಬಾಕಿ.